ಕಾರಿನ ಸೆಟ್ ಬೆಟಗೇರಿಯ ಪಡಸಾಲೆಗೆ ಬಂದಾಗ

ಬೆಟಗೇರಿಯ ನಮ್ಮ ಕಾಕಾ ಹೋದ ವರ್ಷ ಕಾರು ಮಾರಿದರು. ಹೈಸ್ಕೂಲ್ ಮಾಸ್ತರರಾಗಿದ್ದವರು. ಕಣ್ಣಿನ ಆಪರೇಶನ್ ಆದ ಮೇಲೆ ಗಾಡಿ ಓಡಿಸುವುದನ್ನು ಬಿಟ್ಟಿದ್ದರು. ಕಾರು ಕೊಡುವ ಮುಂಚೆ ಅದರೊಳಗಿನ ಸ್ಟೀರಿಯೊ ಸಾಮಾನನ್ನೆಲ್ಲ ಬಿಚ್ಚಿಸಿ ಇಟ್ಟುಕೊಂಡರು. ಮುಂದಿನ ಸೆಟ್, ಹಿಂದಿನ ಸೀಟಿನ ಬೆನ್ನಿಗಿದ್ದ ಹಲಗೆಯ 6×9 ಇಂಚಿನ ಎರಡು ಮೊಟ್ಟೆಯಾಕಾರದ ಸ್ಪೀಕರ್, ಬಾಗಿಲಿನ 4 ಇಂಚಿನ ಎರಡು ಸಣ್ಣ ಸ್ಪೀಕರ್. ಜೊತೆಗೆ ಅವರ ಮಗ ಡಿಕ್ಕಿಯಲ್ಲಿ ಹಾಕಿಸಿದ್ದ 12 ಇಂಚಿನ ಸಬ್‌ವೂಫರ್ ಮತ್ತು ಅದರ ಆಂಪ್ಲಿಫೈಯರ್.

ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕಾರಿನ ವಯರಿಂಗ್ ಕೆಲಸ ಮಾಡುತ್ತೇನೆ. ಕಾಕಾ ಫೋನ್ ಮಾಡಿ ಹೇಳಿದ್ದು ಇಷ್ಟೇ: "ತಮ್ಮಾ, ಕಾರಿನಾಗ ಮನ್ಸೂರರನ್ನ ಕೇಳಿದಂಗ ಮನ್ಯಾಗ ಎಂದೂ ಕೇಳಿಲ್ಲ. ಈಗ ಕಾರ್ ಹೋತು. ಆ ಧ್ವನಿ ಪಡಸಾಲಿಗೆ ತಂದು ಕೊಡು."

ಗದಗ-ಬೆಟಗೇರಿಯಲ್ಲಿ ಇಂಥ ಮಾತು ಹೊಸದಲ್ಲ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇದ್ದು ಸಂಗೀತ ಕಲಿಸಿದ ಊರು ಇದು. ಭೀಮಸೇನ ಜೋಶಿಯವರೂ ಇದೇ ಸೀಮೆಯಲ್ಲಿ ಬೆಳೆದವರು. ಇಲ್ಲಿ ಮಾಸ್ತರರೊಬ್ಬರು ತಂಬೂರಿಯ ಖರ್ಜದ, ಅಂದರೆ ಎಲ್ಲಕ್ಕಿಂತ ಇಳಿ ಸ್ವರದ, ತಂತಿ ಕೇಳಿಸುತ್ತಿಲ್ಲ ಎಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಲು ಆಗುವುದಿಲ್ಲ. ನಾನು ಒಪ್ಪಿಕೊಂಡೆ. ಅದು ನಾಲ್ಕು ಭಾನುವಾರದ ಕೆಲಸವಾಯಿತು. ಏನೇನು ತಪ್ಪಿತು, ಯಾಕೆ ತಪ್ಪಿತು, ಹೇಗೆ ಸರಿಹೋಯಿತು ಎಂಬುದನ್ನು ಪೂರ್ತಿ ಬರೆಯುತ್ತಿದ್ದೇನೆ. ಕಾರು ಮಾರಿದವರ ಮನೆಯಲ್ಲಿ ಇಂಥ ಸೆಟ್‌ಗಳು ಸುಮ್ನೆ ಅಟ್ಟದ ಮೇಲೆ ಬಿದ್ದಿರುತ್ತವೆ, ಅಲ್ವಾ?

ಮೊದಲ ಭಾನುವಾರ ಹೋದಾಗ ಓಣಿಯ ಹುಡುಗನೊಬ್ಬ ಆಗಲೇ ಸೆಟ್ ಜೋಡಿಸಿಕೊಟ್ಟಿದ್ದ. ಸಿಸಿಟಿವಿ ಕ್ಯಾಮೆರಾದ 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಕೊಟ್ಟಿದ್ದ. ದೀಪ ಹತ್ತುತ್ತಿತ್ತು, ಸಣ್ಣ ಧ್ವನಿಯಲ್ಲಿ ಹಾಡೂ ಬರುತ್ತಿತ್ತು. ಧ್ವನಿ ಏರಿಸಿದರೆ ಮಾತ್ರ ತಬಲಾದ ಡಗ್ಗಾ ಏಟು ಬಿದ್ದಾಗಲೆಲ್ಲ ಸೆಟ್ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಸೆಟ್ ಕೆಟ್ಟಿದೆ ಎಂದು ಎಲ್ಲರೂ ತೀರ್ಮಾನಿಸಿದ್ದರು.

ಸೆಟ್ ಕೆಟ್ಟಿರಲಿಲ್ಲ. ಅದಕ್ಕೆ ಹೊಟ್ಟೆ ತುಂಬುತ್ತಿರಲಿಲ್ಲ. ಕಾರಿನಲ್ಲಿ ಅದರ ಬೆನ್ನಿಗೆ ದೊಡ್ಡ ಬ್ಯಾಟರಿ ಇರುತ್ತದೆ. ಡಗ್ಗಾದ ಒಂದು ಏಟಿಗೆ ಎಷ್ಟು ಕರೆಂಟ್ ಬೇಕೋ ಅಷ್ಟನ್ನು ಬ್ಯಾಟರಿ ಆ ಕ್ಷಣವೇ ಕೊಡುತ್ತದೆ. ಸಣ್ಣ ಅಡಾಪ್ಟರ್ ಆ ಹೊತ್ತಿಗೆ ಸೋತು ವೋಲ್ಟ್ ಇಳಿಸುತ್ತದೆ, ಸೆಟ್ ಕಣ್ಣು ಮುಚ್ಚುತ್ತದೆ. ಎಷ್ಟು ಆಂಪಿಯರ್ ಬೇಕು ಎಂಬುದಕ್ಕೆ ಡಬ್ಬಿಯ ಮೇಲಿನ ಬರಹ ನಂಬಬೇಡಿ, ಸೆಟ್ ಹಿಂದಿನ ಫ್ಯೂಸ್ ನೋಡಿ. ಡಬ್ಬಿಯ ಮೇಲೆ 50 ವ್ಯಾಟ್ × 4 ಎಂದಿತ್ತು. ಅಂದರೆ 200 ವ್ಯಾಟ್. ಫ್ಯೂಸ್ ಇದ್ದದ್ದು 10 ಆಂಪಿಯರಿನದು. 14 ವೋಲ್ಟಿಗೆ 10 ಆಂಪಿಯರ್ ಎಂದರೆ ಒಳಗೆ ಹೋಗುವುದೇ 140 ವ್ಯಾಟ್. ಅದರಲ್ಲೂ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಇಂಥ ಸೆಟ್ ನಿಜವಾಗಿ ಒಂದು ಸ್ಪೀಕರಿಗೆ 15ರಿಂದ 18 ವ್ಯಾಟ್ ಕೊಡುತ್ತದೆ. ಒಂದು ಪಡಸಾಲೆಗೆ ಅದು ಬೇಕಾದಷ್ಟಾಯಿತು.

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಕಡೆಯಿಂದ 12 ವೋಲ್ಟ್ 10 ಆಂಪಿಯರಿನ ಎಸ್‌ಎಂಪಿಎಸ್ ತಂದೆ, ಅಂದರೆ ಮನೆಯ ಕರೆಂಟನ್ನು 12 ವೋಲ್ಟಿಗೆ ಇಳಿಸಿ ಕೊಡುವ ಸಪ್ಲೈ. ಎಲ್‌ಇಡಿ ಬೋರ್ಡಿಗೆ ಹಾಕುವ ತೂತು ತೂತಾದ ತಗಡಿನ ಪೆಟ್ಟಿಗೆ. 750 ರೂಪಾಯಿ ಆಯಿತು. ಅದರ ಒಂದು ತುದಿಯಲ್ಲಿ ವೋಲ್ಟ್ ಹೊಂದಿಸುವ ಸಣ್ಣ ತಿರುಪು ಇರುತ್ತದೆ. ಮೀಟರ್ ಹಚ್ಚಿಕೊಂಡು ಅದನ್ನು 13.8 ವೋಲ್ಟಿಗೆ ತಂದೆ. ಕಾರಿನ ಎಂಜಿನ್ ಓಡುವಾಗ ಸೆಟ್‌ಗೆ ಸಿಗುವುದು ಹೆಚ್ಚುಕಡಿಮೆ ಅಷ್ಟೇ. 12ರಿಂದ 13.8ಕ್ಕೆ ಏರಿಸಿದರೆ ಧ್ವನಿಗೆ ಸಿಗುವ ಶಕ್ತಿ ಮೂರನೇ ಒಂದರಷ್ಟು ಹೆಚ್ಚುತ್ತದೆ.

ವಾಯರ್‌ಗಳ ವಿಷಯ ಬೇಗ ಮುಗಿಸುತ್ತೇನೆ. ಕರಿದು ಮೈನಸ್. ಹಳದಿ ಯಾವಾಗಲೂ ಕರೆಂಟ್ ಇರಬೇಕಾದದ್ದು, ಸ್ಟೇಷನ್ನುಗಳ ನೆನಪು ಅದರಿಂದ ಉಳಿಯುತ್ತದೆ. ಕೆಂಪು ಕಾರಿನ ಕೀಲಿ ತಿರುಗಿಸಿದಾಗ ಕರೆಂಟ್ ಬರುವಂಥದ್ದು. ಹುಡುಗ ಕೆಂಪು-ಹಳದಿ ಎರಡನ್ನೂ ಸೇರಿಸಿ ಕಟ್ಟಿದ್ದ. ಹಾಗಾಗಿ ಪ್ಲಗ್ ಕಿತ್ತಾಗಲೆಲ್ಲ ಕಾಕಾ ಇಟ್ಟ ಸ್ಟೇಷನ್ನುಗಳು ಅಳಿಸಿಹೋಗುತ್ತಿದ್ದವು. ಹಳದಿಯನ್ನು ನೇರ ಕೊಟ್ಟೆ, ಕೆಂಪಿಗೆ ಒಂದು ಸ್ವಿಚ್ ಹಾಕಿದೆ. ಎಸ್‌ಎಂಪಿಎಸ್ಸನ್ನು ಇನ್ವರ್ಟರ್ ಲೈನಿನ ಸಾಕೆಟ್ಟಿಗೆ ಹಚ್ಚಿದೆ. ಈಗ ಕರೆಂಟ್ ಹೋದರೂ ನೆನಪು ಹೋಗುವುದಿಲ್ಲ.

ಸ್ಪೀಕರಿನ ವಾಯರಿನಲ್ಲಿ ಒಂದು ಅಪಾಯವಿತ್ತು. ಹುಡುಗ ಎರಡೂ ಸ್ಪೀಕರಿನ ಮೈನಸ್ ವಾಯರ್ ಒಟ್ಟು ಮಾಡಿ ಕರಿ ವಾಯರಿಗೆ ಸೇರಿಸಿದ್ದ. ಹಳೇ ಮನೆ ಆಂಪ್ಲಿಫೈಯರಿನಲ್ಲಿ ಹಾಗೆ ನಡೆಯುತ್ತದೆ. ಕಾರಿನ ಸೆಟ್‌ನಲ್ಲಿ ನಡೆಯುವುದಿಲ್ಲ. ಅಲ್ಲಿ ಸ್ಪೀಕರಿನ ಎರಡೂ ವಾಯರಿನಲ್ಲಿ ಕರೆಂಟ್ ಆಡುತ್ತಿರುತ್ತದೆ, ಯಾವುದೂ ಕರಿ ವಾಯರಿಗಾಗಲಿ ಸೆಟ್‌ನ ತಗಡಿಗಾಗಲಿ ತಾಗಬಾರದು. ಸೆಟ್ ತನ್ನನ್ನು ತಾನೇ ಕಾಪಾಡಿಕೊಂಡಿತ್ತು. ಎಲ್ಲ ಸೆಟ್ ಕಾಪಾಡಿಕೊಳ್ಳುವುದಿಲ್ಲ. ದಯವಿಟ್ಟು ಇದೊಂದನ್ನು ನೆನಪಿಡಿ.

ಇನ್ನೊಂದು ಅಪಾಯ ಕಾಕಾನ ಕಾಲಿಗೇ ತಾಗಿತು. ಅವರದು ಹಳೇ ಮಾಳಿಗೆ ಮನೆ, ಕಲ್ಲಿನ ನೆಲ. ಬರಿಗಾಲಲ್ಲಿ ನಿಂತು ಸೆಟ್‌ನ ತಗಡು ಮುಟ್ಟಿದವರು "ಜುಂ ಅಂತೈತಲ್ಲೋ" ಅಂದರು. ಕಾರಣ ಸರಳ. ಎಸ್‌ಎಂಪಿಎಸ್ ಒಳಗೆ ಸದ್ದು ಸೋಸಲು ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅರ್ತಿಂಗ್ ಇಲ್ಲದಿದ್ದರೆ ಅವುಗಳ ಮೂಲಕ ಚೂರು ಕರೆಂಟ್ ತಗಡಿಗೆ ಬರುತ್ತದೆ. ಆ ಸಾಕೆಟ್ಟಿನ ಮೂರನೇ ತೂತು ಬರೀ ಹೆಸರಿಗಿತ್ತು, ಹಿಂದೆ ವಾಯರೇ ಇರಲಿಲ್ಲ. ಅವತ್ತು ಸಂಗೀತ ನಿಲ್ಲಿಸಿದೆವು. ಮನೆ ವಯರಿಂಗ್ ಮಾಡುವವರನ್ನು ಕರೆಸಿ ಅರ್ತಿಂಗ್ ಎಳೆಸಿದ ಮೇಲೆಯೇ ಮುಂದಿನ ಕೆಲಸ. ಎಸ್‌ಎಂಪಿಎಸ್ಸಿನ 230 ವೋಲ್ಟಿನ ತಿರುಪುಗಳು ಕೈಗೆ ಸಿಗುವಂತೆ ಬಿಚ್ಚಿಕೊಂಡಿರುತ್ತವೆ. ಮನೆಗೆ ಮೊಮ್ಮಕ್ಕಳು ಬರುತ್ತಾರೆ. ಗಾಳಿಯಾಡುವ ಮರದ ಡಬ್ಬಿಯೊಳಗೆ ಅದನ್ನು ಮುಚ್ಚಿದೆ.

ಎರಡನೇ ಭಾನುವಾರಕ್ಕೆ ಸೆಟ್ ನಿಲ್ಲದೆ ಹಾಡತೊಡಗಿತು. ಕಾಕಾನಿಗೆ ಮಾತ್ರ ಸಮಾಧಾನವಾಗಲಿಲ್ಲ. "ಹಾಡ್ತೈತಿ, ಆದ್ರ ಖರ್ಜ ಎಲ್ಲಿ?"

ಅವರು ಕೇಳಿದ್ದು ಸರಿಯಾಗಿತ್ತು. ಮೊಟ್ಟೆಯಾಕಾರದ ಸ್ಪೀಕರುಗಳನ್ನು ಗೂಡಿನಲ್ಲಿ ಹಾಗೇ ಬರಿಮೈಯಲ್ಲಿ ನಿಲ್ಲಿಸಿದ್ದರು. ಸ್ಪೀಕರಿನ ಕಾಗದ ಮುಂದೆ ಬಂದಾಗ ಎದುರಿನ ಗಾಳಿಯನ್ನು ಒತ್ತುತ್ತದೆ. ಅದೇ ಹೊತ್ತಿಗೆ ಬೆನ್ನಿನ ಗಾಳಿಯನ್ನು ಎಳೆಯುತ್ತದೆ. ತಡೆ ಇಲ್ಲದಿದ್ದರೆ ಮುಂದೆ ಒತ್ತಿದ ಗಾಳಿ ಸುತ್ತಿಕೊಂಡು ಹಿಂದಕ್ಕೆ ಹೋಗುತ್ತದೆ, ಒಂದನ್ನೊಂದು ಕಳೆದುಕೊಳ್ಳುತ್ತದೆ. ಏರು ಸ್ವರಕ್ಕೆ ಇದು ಅಷ್ಟು ತಾಗುವುದಿಲ್ಲ, ಇಳಿ ಸ್ವರವೇ ಮಾಯವಾಗುತ್ತದೆ. ಹಾರ್ಮೋನಿಯಂನ ಮೊದಲ ಕರಿ ಮನೆಗೆ ಶ್ರುತಿ ಮಾಡಿದ ತಂಬೂರಿಯಲ್ಲಿ ಷಡ್ಜ ಸುಮಾರು 139 ಹರ್ಟ್ಸ್. ಖರ್ಜದ ತಂತಿ ಅದರ ಅರ್ಧ, 69ರ ಹತ್ತಿರ. ಬರಿಮೈ ಸ್ಪೀಕರಿನಲ್ಲಿ ಆ ಭಾಗ ಉಳಿಯುವುದೇ ಇಲ್ಲ. ಕಾರಿನಲ್ಲಿ ಇದ್ದದ್ದೂ ಇದೇ ಸ್ಪೀಕರ್. ಅಲ್ಲಿ ಅದರ ಬೆನ್ನಿಗೆ ಇಡೀ ಡಿಕ್ಕಿ ಪೆಟ್ಟಿಗೆಯಾಗಿ ನಿಂತಿತ್ತು. ಅದು ಪೆಟ್ಟಿಗೆ ಎಂದು ಯಾರಿಗೂ ಅನಿಸಿರಲಿಲ್ಲ, ಅಷ್ಟೇ.

ಹಾಗಾಗಿ ಬೆಟಗೇರಿಯಲ್ಲೇ ಇರುವ ಒಬ್ಬ ಬಡಿಗರ ಹತ್ತಿರ ಹೋದೆವು. ಕೈ ಚೊಕ್ಕ. ತಂಬೂರಿಗೆ ಬಿರುಕು ಬಿಟ್ಟರೆ ಊರಿನ ಹಾಡುಗಾರರು ಇವರ ಹತ್ತಿರವೇ ತರುತ್ತಾರೆ. ಒಂದೊಂದು ಸ್ಪೀಕರಿಗೂ ಒಂದೊಂದು ಮುಚ್ಚಿದ ಪೆಟ್ಟಿಗೆ ಬೇಕೆಂದು ಅಳತೆ ಕೊಟ್ಟೆ: ಒಳಗೆ 30 ಸೆಂಟಿಮೀಟರ್ ಅಗಲ, 45 ಎತ್ತರ, 22 ಆಳ. ಸುಮಾರು 30 ಲೀಟರ್ ಜಾಗ. 18 ಮಿಲಿಮೀಟರ್ ಪ್ಲೈವುಡ್. ಎಲ್ಲೂ ಗಾಳಿ ಸೋರಬಾರದು.

ಬಂದ ಪೆಟ್ಟಿಗೆ ನೋಡಲು ಚೆಂದವಿತ್ತು. ಹಿಂಬದಿಗೆ ಮಾತ್ರ ಕಪಾಟಿಗೆ ಹೊಡೆಯುವಂತೆ ತೆಳು ಹಲಗೆ ಹೊಡೆದಿದ್ದರು. ಗೋಡೆ ಕಡೆ ಇರುವುದಕ್ಕೆ ಯಾಕೆ ದುಡ್ಡು ಎಂದು ನಮ್ಮ ಖರ್ಚು ಉಳಿಸಿದ್ದರು. ಹಚ್ಚಿ ನೋಡಿದರೆ ಖರ್ಜ ಬಂತು, ಜೊತೆಗೆ ಹಲಗೆಯ ಗುಂಯ್ ಸದ್ದೂ ಬಂತು. ಯಾವ ರಾಗ ಹಾಕಿದರೂ ಅದೇ ಒಂದು ಸದ್ದು ಕೆಳಗೆ ಹಿಡಿದುಕೊಂಡೇ ಇರುತ್ತಿತ್ತು. ಕಾಕಾ ಐದು ನಿಮಿಷದಲ್ಲಿ ಕೈ ಎತ್ತಿದರು. "ಶ್ರುತಿ ಕೆಡಸ್ತೈತಿ."

ಬಡಿಗರಿಗೆ ಹಿಂಬದಿಯೂ ದಪ್ಪ ಬೇಕು, ನಡುವೆ ಒಂದು ಅಡ್ಡಪಟ್ಟಿ ಬೇಕು, ಪೆಟ್ಟಿಗೆ ಎಲ್ಲೂ ನಡುಗಬಾರದು ಎಂದೆ. ಅವರು ಒಪ್ಪಲಿಲ್ಲ. "ಸರ, ನಾ ತಂಬೂರಿ ಬುರುಡಿ ನೋಡೇನಿ. ಅದು ನಡಗಿದ್ರನ ಧ್ವನಿ. ದಪ್ಪ ಮಾಡಿದ್ರ ತಂಬೂರಿ ಸತ್ತಂಗ. ಇದು ನಡಗಬಾರದು ಅಂದ್ರ ಹೆಂಗ್ರಿ?"

ಇದು ಒಳ್ಳೆಯ ಪ್ರಶ್ನೆ. ನಾನು ಇಷ್ಟು ವರ್ಷ ಇದೇ ಕೆಲಸ ಮಾಡಿದ್ದರೂ ಯಾರೂ ಹೀಗೆ ಕೇಳಿರಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದೆ. ತಂಬೂರಿ ತನ್ನ ಧ್ವನಿಯನ್ನು ತಾನು ಹುಟ್ಟಿಸುತ್ತದೆ, ಬುರುಡೆ ಅದರ ಮೈ. ಈ ಪೆಟ್ಟಿಗೆಯ ಹತ್ತಿರ ಬರುವ ಹೊತ್ತಿಗೆ ಆ ಬುರುಡೆಯ ಧ್ವನಿ ರೆಕಾರ್ಡಿನಲ್ಲಿ ಆಗಲೇ ಇದೆ. ಪೆಟ್ಟಿಗೆ ತನ್ನದೊಂದನ್ನು ಸೇರಿಸಿದರೆ ಎರಡು ಬುರುಡೆ ಒಟ್ಟಿಗೆ ನುಡಿದಂತೆ. ನಮಗೆ ಒಂದೇ ಸಾಕು. ಅವರು ತಲೆಯಾಡಿಸಿದರು. ಪೂರ್ತಿ ಒಪ್ಪಿದಂತೆ ಕಾಣಲಿಲ್ಲ, ಕೆಲಸ ಮಾತ್ರ ಪೂರ್ತಿ ಮಾಡಿಕೊಟ್ಟರು. 18 ಮಿಲಿಮೀಟರಿನ ಹಿಂಬದಿ, ನಡುವೆ ಪಟ್ಟಿ, ಮೂಲೆಗಳಿಗೆಲ್ಲ ಫೆವಿಕಾಲ್ ಮತ್ತು ತಿರುಪು. ಸ್ಪೀಕರಿನ ಅಂಚಿಗೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಹಾಸಿ ಬಿಗಿದೆವು. ಗಾಳಿ ಸೋರದಿರಲು ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಪೆಟ್ಟಿಗೆಯೊಳಗೆ ಹಿಂಜಿದ ಹತ್ತಿ ತುಂಬಿದೆವು. ಗದಗಿನಲ್ಲಿ ಹತ್ತಿಗೆ ಬರವೇ? ಕಾಕಾನ ಹೆಂಡತಿ, ನಮ್ಮ ಕಾಕು, ಗಾದಿಗೆಂದು ಇಟ್ಟಿದ್ದನ್ನೇ ಕೊಟ್ಟರು. ಸಡಿಲವಾಗಿ ತುಂಬಬೇಕು, ದಿಂಬಿನಂತೆ ಒತ್ತಬಾರದು. ಹತ್ತಿ ಒಳಗಿನ ಮಾರ್ದನಿಯನ್ನು ಹೀರಿಕೊಳ್ಳುತ್ತದೆ, ಪೆಟ್ಟಿಗೆ ಇದ್ದದ್ದಕ್ಕಿಂತ ತುಸು ದೊಡ್ಡದಿರುವಂತೆ ಸ್ಪೀಕರಿಗೆ ಅನಿಸುತ್ತದೆ.

ಖರ್ಜ ಬಂತು. ಆದರೆ ಮೂರನೇ ಭಾನುವಾರ ಇನ್ನೊಂದು ತೊಡಕು. ಹಾಡುವವರು ನಡುವೆ ಕೂತಿರದೆ ಎಡಗೋಡೆಗೆ ಒರಗಿದಂತೆ ಕೇಳಿಸುತ್ತಿತ್ತು. ಮೊದಲು ಪ್ಲಸ್-ಮೈನಸ್ ತಿರುಗಾಮುರುಗಾ ಆಗಿದೆಯೇ ನೋಡಿದೆ. ಅದಕ್ಕೆ ಪೆನ್ ಸೆಲ್ ಸಾಕು. 1.5 ವೋಲ್ಟಿನ ಸೆಲ್ಲನ್ನು ಸ್ಪೀಕರಿನ ವಾಯರಿಗೆ ಒಂದು ಕ್ಷಣ ತಾಗಿಸಿದರೆ ಕಾಗದ ಹೊರಗೆ ಬರಬೇಕು. ಒಳಗೆ ಹೋದರೆ ವಾಯರ್ ಉಲ್ಟಾ. ಎರಡೂ ಹೊರಗೇ ಬಂದವು. ಎಡ-ಬಲ ಹೊಂದಿಸುವ ಬ್ಯಾಲೆನ್ಸೂ ನಡುವೆಯೇ ಇತ್ತು. ಪೆಟ್ಟಿಗೆ ಅದಲುಬದಲು ಮಾಡಿದರೂ ಹಾಡುವವರು ಎಡಕ್ಕೇ.

ಕೊನೆಗೆ ಹೊಳೆಯಿತು. ಈ ಸೆಟ್‌ಗೆ ಕೂತವರ ಜಾಗ ಹೇಳುವ ವ್ಯವಸ್ಥೆ ಇದೆ. ಕಾರಿನಲ್ಲಿ ಓಡಿಸುವವರಿಗೆ ಬಲಗಡೆಯ ಸ್ಪೀಕರ್ ಹತ್ತಿರ, ಎಡದ್ದು ದೂರ. ಎರಡರ ಧ್ವನಿಯೂ ಒಟ್ಟಿಗೆ ಕಿವಿ ಮುಟ್ಟಲಿ ಎಂದು ಸೆಟ್ ಬಲದ್ದನ್ನು ಸೆಕೆಂಡಿನ ಸಾವಿರದ ಕೆಲವು ಭಾಗದಷ್ಟು ತಡ ಮಾಡುತ್ತದೆ. ಕಾಕಾನ ಮಗ ಅದನ್ನು ಅಂದು ಹೊಂದಿಸಿದ್ದ. ಪಡಸಾಲೆಯ ಆರಾಮ ಕುರ್ಚಿ ಎರಡು ಪೆಟ್ಟಿಗೆಗೂ ಸಮ ದೂರದಲ್ಲಿದೆ. ಇಲ್ಲಿ ಬಲದ ಧ್ವನಿ ತಡವಾಗಿ ಬಂದರೆ ಕಿವಿ ಮೊದಲು ಬಂದ ಎಡದ್ದನ್ನೇ ನಂಬುತ್ತದೆ. ಆ ವ್ಯವಸ್ಥೆ ಆಫ್ ಮಾಡಿದೆ. ಗಂಗೂಬಾಯಿ ಹಾನಗಲ್ ಅವರ ಧ್ವನಿ ಎರಡು ಕಂಬಗಳ ನಡುವೆ ಬಂದು ನಿಂತಿತು. ಕಾಕಾ ಕಣ್ಣು ಮುಚ್ಚಿಕೊಂಡರು. ನಾನು ಉಪಕರಣಗಳನ್ನು ಸದ್ದಿಲ್ಲದೆ ಎತ್ತಿಟ್ಟೆ.

ಕಲ್ಲಿನ ನೆಲದಿಂದ ಏರು ಸ್ವರ ಸ್ವಲ್ಪ ಚುಚ್ಚುತ್ತಿತ್ತು. ಪೆಟ್ಟಿಗೆಗೂ ಕುರ್ಚಿಗೂ ನಡುವೆ ನವಲಗುಂದದ ಜಮಖಾನೆ ಹಾಸಿದ ಮೇಲೆ ಅದು ತಣ್ಣಗಾಯಿತು.

ಸಬ್‌ವೂಫರ್ ಬೇಕೋ ಬೇಡವೋ ಎಂಬ ಚರ್ಚೆ ಫೋನಿನಲ್ಲಿ ಮಗನ ಜೊತೆ ನಡೆಯಿತು. ಅವನಿಗೆ ಅದು ಮನೆಯಲ್ಲೂ ಗುಡುಗಬೇಕು. ನಾನು ಬೇಡ ಎಂದೆ, ಈಗಲೂ ಅದನ್ನೇ ಹೇಳುತ್ತೇನೆ. ಅದರ ಆಂಪ್ಲಿಫೈಯರಿನಲ್ಲಿ 30 ಆಂಪಿಯರಿನ ಎರಡು ಫ್ಯೂಸ್ ಇದ್ದವು. ಅಷ್ಟು ಕರೆಂಟ್ ಕೊಡುವ ಸಪ್ಲೈ ಕೊಳ್ಳುವ ದುಡ್ಡಿಗೆ ಮನೆಗೆಂದೇ ಮಾಡಿದ ಆಂಪ್ಲಿಫೈಯರ್ ಬರುತ್ತದೆ. ಸುಮ್ನೆ ಹಚ್ಚಿ ನೋಡಿದಾಗ ನಮ್ಮ ಎಸ್‌ಎಂಪಿಎಸ್ ಟಿಕ್ ಟಿಕ್ ಎಂದು ಹತ್ತಿ ಆರುತ್ತಿತ್ತು. ಇನ್ನೊಂದು ವಿಷಯವೂ ಇದೆ. ಕಾರಿನ ಒಳಗು ಸಣ್ಣದು, ಮುಚ್ಚಿದ್ದು. 40 ಹರ್ಟ್ಸಿನ ಅಲೆ ಎಂಟೂವರೆ ಮೀಟರ್ ಉದ್ದ. ಅಷ್ಟು ಉದ್ದದ ಅಲೆ ಸಣ್ಣ ಡಬ್ಬಿಯಲ್ಲಿ ಹರಡಲು ಜಾಗವಿಲ್ಲದೆ ಒತ್ತಡವಾಗಿ ಕಿವಿಗೆ ಬಡಿಯುತ್ತದೆ. ಅದಕ್ಕೇ ಕಾರಿನಲ್ಲಿ ಬೇಸ್ ಅಷ್ಟು ಜಾಸ್ತಿ. ಬಾಗಿಲು ತೆರೆದ ಪಡಸಾಲೆಯಲ್ಲಿ ಅದು ಓಣಿಗೆ ಹೋಗುತ್ತದೆ, ನೆರೆಯವರ ನಿದ್ದೆ ಕೆಡಿಸುತ್ತದೆ. ಸಬ್‌ವೂಫರನ್ನು ಸಂಬಂಧಿಕರ ಹುಡುಗನ ಗಾಡಿಗೆ ಕೊಟ್ಟುಬಿಟ್ಟೆವು.

ಇಷ್ಟರಲ್ಲಿ ಕಾಕು ತಮ್ಮ ಬೇಡಿಕೆ ಇಟ್ಟರು. ಬೆಳಿಗ್ಗೆ ಅಡುಗೆಮನೆಯಲ್ಲಿ ಧಾರವಾಡ ಆಕಾಶವಾಣಿ ಬೇಕು. 1950ರಲ್ಲಿ ಶುರುವಾದ ಈ ಕೇಂದ್ರ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಬೆಳಗಿನ ಗಡಿಯಾರವಿದ್ದಂತೆ. ಅದು ಮೀಡಿಯಂ ವೇವ್‌ನಲ್ಲಿ 765 ಕಿಲೋಹರ್ಟ್ಸ್. ಸೆಟ್‌ನಲ್ಲಿ ಹುಡುಕಿದರೆ 760 ಬರುತ್ತದೆ, ಮುಂದಿನದು 770. ನಡುವಿನ 765 ಇಲ್ಲವೇ ಇಲ್ಲ! ಈ ಸೆಟ್ಟನ್ನು ಮಗನ ಗೆಳೆಯ ಅಮೆರಿಕದಿಂದ ತಂದಿದ್ದ. ಅಲ್ಲಿ ಸ್ಟೇಷನ್ನುಗಳು 10ರ ಹೆಜ್ಜೆಯಲ್ಲಿ ಇರುತ್ತವೆ, ನಮ್ಮಲ್ಲಿ 9ರ ಹೆಜ್ಜೆ. 9ನ್ನು 85 ಸಲ ಕೂಡಿಸಿದರೆ 765. ಮೆನುವಿನಲ್ಲಿ ಪ್ರದೇಶ ಬದಲಿಸಿದೆ, ಧಾರವಾಡ ಬಂತು.

ಬಂತು, ಆದರೆ ಮೈತುಂಬ ಗರಗರ ಹೊತ್ತುಕೊಂಡು. ನನ್ನ ಅನುಮಾನ ಎಸ್‌ಎಂಪಿಎಸ್ ಮೇಲೆಯೇ ಇತ್ತು. ಖಾತ್ರಿ ಮಾಡಿಕೊಳ್ಳಲು ಇನ್ವರ್ಟರ್ ಆಫ್ ಮಾಡಿ, ಫ್ಯೂಸ್ ಹಾಕಿ, ಅದರ ಬ್ಯಾಟರಿಯಿಂದ ಹತ್ತು ನಿಮಿಷ ಸೆಟ್ ನಡೆಸಿದೆ. ಗರಗರ ಪೂರ್ತಿ ನಿಂತಿತು. ಹಾಗಾದರೆ ಬ್ಯಾಟರಿಯಿಂದಲೇ ಕೊಟ್ಟುಬಿಡು ಎಂದರು ಕಾಕಾ. ಅದು ಬೇಡ. ಬ್ಯಾಟರಿ ಬಹಳ ಇಳಿದರೆ ಇನ್ವರ್ಟರ್ ತನ್ನನ್ನು ತಾನು ನಿಲ್ಲಿಸಿಕೊಳ್ಳುತ್ತದೆ, ಆದರೆ ಪಕ್ಕದಲ್ಲಿ ಕುಡಿಯುತ್ತಿರುವ ಸೆಟ್ಟನ್ನು ನಿಲ್ಲಿಸಲು ಅದಕ್ಕೆ ಆಗುವುದಿಲ್ಲ. ಬ್ಯಾಟರಿ ತಳ ಕಂಡು ಹಾಳಾಗುತ್ತದೆ. ಬದಲಿಗೆ ಎಸ್‌ಎಂಪಿಎಸ್ ಡಬ್ಬಿಯನ್ನು ಸೆಟ್‌ನಿಂದ ಎರಡು ಮೀಟರ್ ದೂರ ಸರಿಸಿದೆ. ವಾಯರಿಗೆ ಇಂಥ ಗರಗರ ತಡೆಯುವ ಫೆರೈಟ್ ಉಂಗುರ ಹಾಕಿದೆ. ಏರಿಯಲ್ ತೂತಿನ ನಡುವಿನ ಪಿನ್ನಿಗೆ ಏಳು ಮೀಟರ್ ವಾಯರ್ ಸೇರಿಸಿ ಮಾಳಿಗೆ ಮೇಲೆ ಎಳೆದೆ. ನೂರಕ್ಕೆ ತೊಂಬತ್ತು ಪಾಲು ಸದ್ದು ಹೋಯಿತು. ಅಡ್ಡಮಳೆಯ ದಿನಗಳಲ್ಲಿ ಗುಡುಗು ಶುರುವಾದ ಕೂಡಲೇ ಆ ಪಿನ್ನು ಕಿತ್ತು ಹೊರಗಿಡಬೇಕು ಎಂದು ಇಬ್ಬರಿಗೂ ಹೇಳಿಕೊಟ್ಟಿದ್ದೇನೆ.

ಅಡುಗೆಮನೆಯ ಸ್ಪೀಕರಿಗೆ ಪೆಟ್ಟಿಗೆ ಮಾಡಿಸಲಿಲ್ಲ. ಎರಡು ಮಣ್ಣಿನ ಗಡಿಗೆ ಸಾಕಾದವು. ಗಡಿಗೆಯ ಬಾಯಿಗೆ ಬಡಿಗರು ಪ್ಲೈವುಡ್ಡಿನ ಬಳೆ ಕೊರೆದುಕೊಟ್ಟರು. ಅದರ ಮೇಲೆ ಬಾಗಿಲಿನ 4 ಇಂಚಿನ ಸ್ಪೀಕರ್ ಕೂರಿಸಿ, ವಾಯರ್ ಬಳೆಯಿಂದಲೇ ಹೊರತೆಗೆದೆವು. ಗಡಿಗೆ ಕೊರೆಯಲು ಹೋದರೆ ಒಡೆಯುತ್ತದೆ. ಸುಟ್ಟ ಮಣ್ಣು ಗಟ್ಟಿ, ಮೈ ದುಂಡು, ಎದುರುಬದುರು ಗೋಡೆ ಇಲ್ಲ. ಮಾತಿನ ಧ್ವನಿ ಅದರಿಂದ ಬಹಳ ಸ್ಪಷ್ಟವಾಗಿ ಬರುತ್ತದೆ. ಇಡೀ ಕೆಲಸದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟದ್ದು ಈ ಗಡಿಗೆಗಳೇ.

ವಾಯರ್ ಮಾತ್ರ ದಪ್ಪದ್ದು ಎಳೆದೆ. ಕಾರಿನ ಸ್ಪೀಕರ್ 4 ಓಮ್‌ನದು. ಪಡಸಾಲೆಯಿಂದ ಅಡುಗೆಮನೆಗೆ ಆರು ಮೀಟರ್, ಹೋಗಿ ಬರುವುದು ಸೇರಿ ಹನ್ನೆರಡು. ತೆಳು ವಾಯರ್ ಹಾಕಿದರೆ ಅಲ್ಲೇ ಒಂದು ಓಮ್ ಆಗಿಬಿಡುತ್ತದೆ, ಸ್ಪೀಕರಿಗೆ ಹೋಗಬೇಕಾದದ್ದು ವಾಯರಿನಲ್ಲಿ ಕರಗುತ್ತದೆ. 1.5 ಚದರ ಮಿಲಿಮೀಟರಿನ ತಾಮ್ರದ್ದು ಹಾಕಿದರೆ ಅದು 0.15 ಓಮ್‌ಗಿಂತ ಕಡಿಮೆ.

ಮುಂದಿನ ಸ್ಪೀಕರಿನ ಜಾಗಕ್ಕೆ ಪೆಟ್ಟಿಗೆಗಳನ್ನೂ ಹಿಂದಿನದಕ್ಕೆ ಗಡಿಗೆಗಳನ್ನೂ ಕೊಟ್ಟೆ. ಕಾರಿನಲ್ಲಿ ಮುಂದೆ-ಹಿಂದೆ ಧ್ವನಿ ಸರಿಸುವ ಫೇಡರ್ ಈಗ ಪಡಸಾಲೆ ಮತ್ತು ಅಡುಗೆಮನೆಯ ನಡುವೆ ಕೆಲಸ ಮಾಡುತ್ತದೆ. ರೊಟ್ಟಿ ಬಡಿಯುವ ಸದ್ದಿನಲ್ಲಿ ವಾರ್ತೆ ಮುಳುಗುತ್ತದೆ ಎಂದು ಕಾಕು ಅದನ್ನು ತಮ್ಮ ಕಡೆಗೆ ಎರಡು ಮೂರು ಗೆರೆ ಎಳೆದುಕೊಳ್ಳುತ್ತಾರೆ. ಸಂಜೆ ಕಾಕಾ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ.

ಒಟ್ಟು ಖರ್ಚು 3,800 ರೂಪಾಯಿ. ಅದರಲ್ಲಿ 2,600 ಬಡಿಗರಿಗೆ ಮತ್ತು ಪ್ಲೈವುಡ್ಡಿಗೆ. ಅರ್ತಿಂಗ್ ಲೆಕ್ಕ ಇದರಲ್ಲಿಲ್ಲ, ಅದು ಮನೆಗೆ ಹೇಗೂ ಬೇಕಾದದ್ದೇ.

ನಾಲ್ಕನೇ ಭಾನುವಾರ ಸಂಜೆ ಬಡಿಗರನ್ನು ಚಹಾಕ್ಕೆ ಕರೆದಿದ್ದೆವು. ಅವರು ಜಮಖಾನೆಯ ಮೇಲೆ ಕೂತರು. ಕಾಕಾ ಮನ್ಸೂರರ ಒಂದು ರೆಕಾರ್ಡ್ ಹಚ್ಚಿದರು. ಹಾಡು ಶುರುವಾಗುವ ಮುಂಚಿನ ಬರೀ ತಂಬೂರಿ, ಒಂದು ನಿಮಿಷದಷ್ಟು. ಬಡಿಗರು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಎದ್ದು ಹೋಗಿ ಪೆಟ್ಟಿಗೆಯ ಪಕ್ಕಕ್ಕೆ ಅಂಗೈ ಇಟ್ಟರು. ಖರ್ಜದ ತಂತಿ ಎರಡು ಸಲ ನುಡಿಯುವವರೆಗೆ ಕೈ ತೆಗೆಯಲಿಲ್ಲ.

"ನಡಗವಲ್ದ್ ನೋಡ್ರಿ," ಅಂದರು ಮೆಲ್ಲಗೆ, ಮತ್ತೆ ಬಂದು ಕೂತರು.